ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಯವರೆಗೆ: ನಮ್ಮ ವಿದ್ಯುತ್ತಿನ ಚರಿತ್ರೆಗೆ ಒಂದು ಪೂರ್ಣ ಪ್ರದರ್ಶನ ಬೇಕು

ಮಾನ್ಯ ಸಂಪಾದಕರಿಗೆ,

ನಮ್ಮ ರಾಜ್ಯದ ವಿದ್ಯುತ್ ಚರಿತ್ರೆಯನ್ನು ಸಾರ್ವಜನಿಕರಿಗೆ ತೋರಿಸುವ ಏರ್ಪಾಡುಗಳು ಇಲ್ಲವೆಂದು ನಾನು ಹೇಳುತ್ತಿಲ್ಲ. ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ಸರ್ಕಾರಿ ಮಳಿಗೆಗಳು ಅಣೆಕಟ್ಟು ಮತ್ತು ವಿದ್ಯುದಾಗಾರಗಳ ಮಾದರಿಗಳನ್ನು ಶ್ರದ್ಧೆಯಿಂದ ಕಟ್ಟಿ ಇಡುತ್ತವೆ, ಮಕ್ಕಳು ಅವುಗಳ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು 1960ರ ದಶಕದಿಂದ ಯಂತ್ರಶಕ್ತಿಯ ತತ್ತ್ವಗಳನ್ನು ತಲೆಮಾರುಗಳಿಗೆ ತಿಳಿಸಿಕೊಟ್ಟಿದೆ. ಟರ್ಬೈನು ಹೇಗೆ ತಿರುಗುತ್ತದೆ, ತಿರುಗಿದ್ದು ಹೇಗೆ ವಿದ್ಯುತ್ತಾಗುತ್ತದೆ ಎಂಬುದನ್ನು ಇವು ಚೆನ್ನಾಗಿಯೇ ತೋರಿಸುತ್ತವೆ. ಆದರೆ ಆ ನೀರು ಎಲ್ಲಿಂದ ಬಂತು, ಅದನ್ನು ತಿರುಗಿಸಿಕೊಂಡ ಮೇಲೆ ಹೊಳೆಗೆ ಏನಾಯಿತು, ಹುಟ್ಟಿದ ವಿದ್ಯುತ್ತು ಯಾರ ಊರಿಗೆ ಹೋಯಿತು, ಅಲ್ಲಿನ ಮಣ್ಣು, ಕಾಡು, ಜನರ ಮೈ ಇವುಗಳ ಮೇಲೆ ಏನು ಗುರುತು ಬಿಟ್ಟಿತು ಎಂಬ ಪ್ರಶ್ನೆಗಳಿಗೆ ಮಾದರಿಯ ಅಂಚಿನಾಚೆ ಉತ್ತರವಿರುವುದಿಲ್ಲ. ಈ ಕೊರತೆಯ ಬಗ್ಗೆ ಮತ್ತು ಅದನ್ನು ತುಂಬಲು ನಮಗಿರುವ ಒಂದು ಉತ್ತಮ ಅವಕಾಶದ ಬಗ್ಗೆ ತಮ್ಮ ಪತ್ರಿಕೆಯ ಓದುಗರ ಗಮನ ಸೆಳೆಯಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಮಳವಳ್ಳಿ ತಾಲ್ಲೂಕಿನವನು. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದಾಗ, ಶಾಲೆಗಳಿಗೂ ಸಣ್ಣ ವಸ್ತುಸಂಗ್ರಹಾಲಯಗಳಿಗೂ ಪ್ರದರ್ಶನ ಫಲಕಗಳನ್ನು ಸಿದ್ಧಪಡಿಸುವ ಕೆಲಸದಲ್ಲಿ ತೊಡಗಿಕೊಂಡಿದ್ದೆ. ಪ್ರದರ್ಶನವೆಂದರೆ ವಸ್ತುಗಳನ್ನು ಸಾಲಾಗಿ ಜೋಡಿಸುವುದಲ್ಲ, ಯಾವ ವಸ್ತುವಿನ ಪಕ್ಕದಲ್ಲಿ ಯಾವುದನ್ನು ಇಡಬೇಕೆಂದು ನಿರ್ಧರಿಸುವುದು ಎಂಬುದು ಆ ಕೆಲಸದಲ್ಲಿ ನನಗೆ ಮನದಟ್ಟಾಯಿತು. ಕ್ಯುರೇಟರ್ ಆದವನು ತೋರಿಸಬೇಕಾದ ಪ್ರಾಮಾಣಿಕತೆಯೆಲ್ಲ ಆ ನಿರ್ಧಾರದಲ್ಲೇ ಇದೆ. ಈ ದೃಷ್ಟಿಯಿಂದ ನೋಡಿದರೆ ಶಿವನಸಮುದ್ರದ ವಿದ್ಯುತ್ ಯೋಜನೆಯಷ್ಟು ತುಂಬಿದ ವಸ್ತು ನಮ್ಮ ನಾಡಿನಲ್ಲಿ ಮತ್ತೊಂದಿಲ್ಲ ಎಂದು ನಾನು ನಂಬಿದ್ದೇನೆ.

ಕಾವೇರಿ ಸುಮಾರು 400 ಅಡಿ ಕೆಳಕ್ಕಿಳಿಯುವ ಆ ಜಾಗದಲ್ಲಿ, ಬ್ಲಫ್ ಎಂದು ಜನ ಕರೆಯುವ ಇಳಿಜಾರಿನ ಬುಡದಲ್ಲಿ, 1902ರ ಜೂನ್ 30ರಂದು ವಿದ್ಯುತ್ ಉತ್ಪಾದನೆಗೆ ಚಾಲನೆ ದೊರೆಯಿತು. ಯೋಜನೆಯನ್ನು ಹಿಡಿದು ನಡೆಸಿದ ದಿವಾನ್ ಶೇಷಾದ್ರಿ ಅಯ್ಯರ್ ಅದು ಪೂರ್ತಿಯಾಗುವ ಮೊದಲೇ 1901ರಲ್ಲಿ ತೀರಿಕೊಂಡರು. ರೂಪಿಸಿದ ಎಂಜಿನಿಯರ್ ಜೋಲಿ ದ ಲಾಟ್ಬಿನಿಯರ್. ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯವು. ಭಾರವಾದ ಯಂತ್ರಭಾಗಗಳನ್ನು ಎತ್ತುಗಳಿಂದಲೂ ಆನೆಗಳಿಂದಲೂ ಎಳೆಸಿ ತಂದರು. ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿ ಎಳೆದು ವಿದ್ಯುತ್ ಒಯ್ದದ್ದು, ಆ ಕಾಲಕ್ಕೆ ಪ್ರಪಂಚದ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದಾಗಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಭಾಷಣಗಳಲ್ಲಿ, ಪ್ರವಾಸಿ ಬರಹಗಳಲ್ಲಿ ಶಿವನಸಮುದ್ರವನ್ನು "ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ" ಎಂದು ಕರೆಯುವುದು ರೂಢಿಯಾಗಿಬಿಟ್ಟಿದೆ. ಡಾರ್ಜಿಲಿಂಗಿನ ಸಿದ್ರಾಪಾಂಗ್‌ನಲ್ಲಿ 1897ರಲ್ಲೇ ಸಣ್ಣದೊಂದು ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿತ್ತು. ನಮ್ಮ ಕೇಂದ್ರದ ನಿಜವಾದ ಹಿರಿಮೆ ಆ ದೂರದಲ್ಲಿದೆ: ಒಂದು ನದಿಯ ಬಲವನ್ನು ಬೇರೊಂದು ಸೀಮೆಯ ನೆಲದಾಳದ ಕೆಲಸಕ್ಕೆ ಕಟ್ಟಿಕೊಟ್ಟದ್ದರಲ್ಲಿದೆ. ಸಾಧನೆ ದೂರದ್ದು ಎಂದು ಒಪ್ಪಿಕೊಂಡರೆ, ಪ್ರದರ್ಶನವೂ ಆ ದೂರವನ್ನು ಪೂರ್ತಿ ಕ್ರಮಿಸಬೇಕಾಗುತ್ತದೆ. ಒಂದು ತುದಿಯನ್ನು ಮಾತ್ರ ತೋರಿಸಿ ನಿಲ್ಲುವಂತಿಲ್ಲ.

ಕೋಲಾರದ ತುದಿಯನ್ನೇ ಮೊದಲು ನೋಡೋಣ. ವಿದ್ಯುತ್ ಬರುವ ಮುನ್ನ ಗಣಿಗಳು ಉಗಿ ಯಂತ್ರಗಳಿಂದ ನಡೆಯುತ್ತಿದ್ದವು. ಅದಕ್ಕೆ ಉರುವಲು ಕಟ್ಟಿಗೆ ಬೇಕಿತ್ತು, ದೂರದಿಂದ ತರಿಸುವ ಕಲ್ಲಿದ್ದಲು ಬೇಕಿತ್ತು. ಹೊಳೆಯ ವಿದ್ಯುತ್ತು ಬಂದದ್ದರಿಂದ ಆ ಉರುವಲಿನ ಭಾರ ಇಳಿಯಿತು. ಇದನ್ನು ಪ್ರದರ್ಶನ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಅದು ಯೋಜನೆಯ ಪರವಾಗಿ ನಿಲ್ಲುವ ಸತ್ಯ. ಆದರೆ ಅದೇ ವಿದ್ಯುತ್ತು ನೀರೆತ್ತುವ ಪಂಪುಗಳನ್ನು, ಅದಿರು ಅರೆಯುವ ಗಿರಣಿಗಳನ್ನು, ಕಂಪ್ರೆಸರುಗಳನ್ನು ನಡೆಸಿ ಗಣಿಯನ್ನು ಇನ್ನೂ ಆಳಕ್ಕೆ ಇಳಿಸಿತು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿ ಪ್ರಪಂಚದ ಅತಿ ಆಳದ ಗಣಿಗಳ ಸಾಲಿಗೆ ಸೇರಿತು. ಆ ಆಳದಲ್ಲಿ ಶಿಲೆ ಸಿಡಿದು ಸತ್ತವರಿದ್ದಾರೆ, ಕಲ್ಲಿನ ದೂಳು ಕುಡಿದು ಶ್ವಾಸಕೋಶ ಗಟ್ಟಿಯಾದವರಿದ್ದಾರೆ. 1940ರ ದಶಕದಲ್ಲಿ ಅಲ್ಲಿ ನಡೆದ ವೈದ್ಯಕೀಯ ತಪಾಸಣೆಯಲ್ಲಿ 7,653 ಕಾರ್ಮಿಕರ ಪೈಕಿ ಶೇ 43.7ರಷ್ಟು ಜನರಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ಭಾರತದಲ್ಲಿ ಈ ರೋಗದ ಬಗ್ಗೆ ನಡೆದ ಮೊದಲ ದೊಡ್ಡ ಅಧ್ಯಯನವೇ ಅದು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ಉರಿದ ಮೊದಲ ವಿದ್ಯುದ್ದೀಪದ ಚಿತ್ರವನ್ನು ನಾವು ಎಲ್ಲೆಡೆ ಹಾಕುತ್ತೇವೆ. ಅದಕ್ಕೂ ಮೂರು ವರ್ಷ ಮೊದಲೇ ಅದೇ ವಿದ್ಯುತ್ತು ತಲುಪಿದ ಗಣಿಯ ಈ ತಪಾಸಣೆಯ ಅಂಕಿಗಳು ಆ ಚಿತ್ರದ ಪಕ್ಕದಲ್ಲೇ ಇರಬೇಕೆಂಬುದು ನನ್ನ ವಿನಂತಿ.

ಇನ್ನು ಹೊಳೆಯ ತುದಿ. ಆರಂಭದಲ್ಲಿ ಗಣಿಗಳಿಗೆ ಒದಗಿಸಿದ್ದು ಸುಮಾರು 4,000 ಅಶ್ವಶಕ್ತಿ. ಬೇಡಿಕೆ ಬೆಳೆಯುತ್ತ ಹೋಯಿತು, ಆದರೆ ಬೇಸಿಗೆಯ ಕಾವೇರಿ ಬೇಡಿಕೆಯನ್ನು ಕೇಳಿ ಹರಿಯುವುದಿಲ್ಲ. ಬತ್ತುವ ತಿಂಗಳುಗಳಲ್ಲಿ ಟರ್ಬೈನುಗಳಿಗೆ ನೀರು ಸಾಲದೆ ಹೋದಾಗ, ಮೇಲ್ಭಾಗದಲ್ಲಿ ನೀರನ್ನು ಕೂಡಿಟ್ಟು ವರ್ಷವಿಡೀ ಬಿಡುವ ಅಗತ್ಯ ಬಂತು. 1911ರಲ್ಲಿ ಕನ್ನಂಬಾಡಿಯ ಬಳಿ ಕಟ್ಟೆಯ ಕೆಲಸ ಆರಂಭವಾಗಲು ಇದು ಮುಖ್ಯ ಕಾರಣಗಳಲ್ಲಿ ಒಂದು. ಕೃಷ್ಣರಾಜಸಾಗರವನ್ನು ನಾವು ನೀರಾವರಿಯ ಕಟ್ಟೆಯೆಂದೇ ಕಾಣುತ್ತೇವೆ, ಅದು ಸರಿಯೂ ಹೌದು. ಆದರೆ ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿ ಅದರ ಪರವಾಗಿ ಮಂಡಿಸಿದ ವಾದಗಳಲ್ಲಿ ಚಿನ್ನದ ಗಣಿಗಳಿಗೆ ತಪ್ಪದೆ ವಿದ್ಯುತ್ ಒದಗಿಸುವ ಮಾತು ಮುಂದೆಯೇ ಇತ್ತು. ಕಟ್ಟೆ ಏಳುತ್ತಿದ್ದಂತೆ ಮದ್ರಾಸ್ ಸರ್ಕಾರದ ಆಕ್ಷೇಪ ಬಂತು, ಮಧ್ಯಸ್ಥಿಕೆ ನಡೆಯಿತು, ಕೊನೆಗೆ 1924ರ ಒಪ್ಪಂದವಾಯಿತು. ಆ ಒಪ್ಪಂದದ ಸುತ್ತ ಎರಡೂ ರಾಜ್ಯಗಳ ರೈತರು ನೂರು ವರ್ಷದಿಂದ ಪಟ್ಟ ಪಾಡು ಯಾರಿಗೂ ಹೇಳಿಕೊಡಬೇಕಾದ್ದಲ್ಲ. ಕೋಲಾರದ ನೆಲದಡಿಯ ಒಂದು ಶಾಫ್ಟಿಗೂ ತಂಜಾವೂರಿನ ಒಂದು ಗದ್ದೆಗೂ ನಡುವೆ ಇಂಥ ಸಂಬಂಧವಿದೆಯೆಂದು ನಮ್ಮ ಪದವಿ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಗೊತ್ತಿದೆ? ಪಠ್ಯಪುಸ್ತಕದಲ್ಲಿ ಗಣಿ ಒಂದು ಅಧ್ಯಾಯ, ಕಟ್ಟೆ ಇನ್ನೊಂದು, ಜಲವಿವಾದ ಮತ್ತೊಂದು. ಒಂದು ಕೋಣೆಯಲ್ಲಿ ಅವನ್ನು ಅಕ್ಕಪಕ್ಕ ಇಡುವ ಶಕ್ತಿ ಇರುವುದು ಪ್ರದರ್ಶನಕ್ಕೆ.

ಆ ಕೋಣೆಯಲ್ಲಿ ಮಂಡ್ಯದ ಹಸಿರೂ ಇರಬೇಕು. ರಾಗಿ ಬೆಳೆಯುತ್ತಿದ್ದ ಬೆದ್ದಲು ನೆಲ ವಿಶ್ವೇಶ್ವರಯ್ಯ ನಾಲೆಯಿಂದ ಭತ್ತ, ಕಬ್ಬಿನ ಗದ್ದೆಯಾದದ್ದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂದದ್ದು ನಮ್ಮ ಜಿಲ್ಲೆಯ ಬಾಳನ್ನೇ ಬದಲಿಸಿದ ಸಂಗತಿಗಳು. ನಾನೂ ಆ ನೀರಿನ ಅನ್ನ ಉಂಡವನೇ. ನಾಲೆ ಬಂದ ಹೊಸತರಲ್ಲಿ ಮಲೇರಿಯಾ ಹಬ್ಬಿ, ಅದನ್ನು ಹತೋಟಿಗೆ ತರಲು ಸರ್ಕಾರ ವಿಶೇಷ ಕಾರ್ಯಕ್ರಮವನ್ನೇ ಹಮ್ಮಿಕೊಳ್ಳಬೇಕಾಯಿತು ಎಂಬುದೂ ಅದೇ ಕಥೆಯ ಭಾಗ. ಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಕನ್ನಂಬಾಡಿ ಮತ್ತು ಅಕ್ಕಪಕ್ಕದ ಊರುಗಳ ಜನ ಎಲ್ಲಿಗೆ ಹೋದರು, ಯಾವ ನೆಲ ಪಡೆದರು ಎಂಬುದೂ ಇರಬೇಕು. ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದನ್ನು ಸಾವಿರಾರು ಜನ ನೋಡಲು ಹೋಗುತ್ತಾರೆ. ದೇವಸ್ಥಾನದ ಸುತ್ತ ಇದ್ದ ಮನೆಗಳ ಸಾಲನ್ನು ತೋರಿಸುವ ಒಂದು ನಕ್ಷೆ ಅಲ್ಲಿ ಇದ್ದರೆ, ನೋಡುವವರ ಅರಿವು ಅಷ್ಟೇ ಪೂರ್ಣವಾಗುತ್ತದೆ. ಮಳೆಗಾಲದಲ್ಲಿ ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳು ಕಟ್ಟೆಯ ನೀರಿನ ಮಟ್ಟವನ್ನು ದಿನವೂ ಅಚ್ಚು ಮಾಡುತ್ತವೆ. ಗರಿಷ್ಠ ಮಟ್ಟ 124.80 ಅಡಿ ಎಂಬುದು ಹಳೆ ಮೈಸೂರಿನ ಮಕ್ಕಳಿಗೂ ಬಾಯಿಪಾಠ. ಆ ಅಡಿಗಳು ಏರುತ್ತ ಹೋದಂತೆ ಯಾವ ಯಾವ ಊರು, ಹೊಲ, ತೋಪು ನೀರಿನಡಿ ಹೋಯಿತೆಂದು ಒಂದು ಗೋಡೆಯ ಮೇಲೆ ಅಳತೆಗೆ ಸರಿಯಾಗಿ ಗುರುತು ಹಾಕಿದರೆ, ಎಷ್ಟು ಪುಟಗಳ ವಿವರಣೆಯೂ ಮಾಡಲಾರದ್ದನ್ನು ಅದು ಮಾಡುತ್ತದೆ.

ಜಲಪಾತವನ್ನು ತೋರಿಸುವುದು ಇದಕ್ಕಿಂತ ಕಷ್ಟ. ಗಗನಚುಕ್ಕಿ, ಭರಚುಕ್ಕಿಗಳ ಭೋರ್ಗರೆತದ ಚಿತ್ರಗಳು ಬೇಕಾದಷ್ಟಿವೆ, ಎಲ್ಲವೂ ಮಳೆಗಾಲದವು. ವರ್ಷದ ಬಹುಪಾಲು ದಿನ ಬಂಡೆಗಳ ಮೇಲೆ ತೆಳ್ಳಗೆ ಇಳಿಯುವ ನೀರನ್ನು ಯಾರೂ ಕ್ಯಾಲೆಂಡರಿಗೆ ಹಾಕುವುದಿಲ್ಲ. ಪ್ರದರ್ಶನ ರೂಪಿಸುವವರು ಒಂದೇ ಜಾಗದಿಂದ ಹನ್ನೆರಡು ತಿಂಗಳೂ ತೆಗೆದ ಹನ್ನೆರಡು ಚಿತ್ರಗಳನ್ನು ಸಾಲಾಗಿ ಹಾಕಬೇಕು. ಪ್ರತಿ ಚಿತ್ರದ ಕೆಳಗೆ ಆ ತಿಂಗಳು ಚುಕ್ಕಿಯ ಮೂಲಕ ಹರಿದ ನೀರೆಷ್ಟು, ಕೊಳವೆಗಳ ಮೂಲಕ ಇಳಿದದ್ದೆಷ್ಟು ಎಂಬ ಲೆಕ್ಕವಿರಬೇಕು. ವಿದ್ಯುದಾಗಾರಕ್ಕಿಂತ ಹಿಂದಿನ ಕಾಲದಲ್ಲಿ ಆಂಗ್ಲ ಪ್ರವಾಸಿಗಳು ಬರೆದ ಹಳೆಯ ಚಿತ್ರಗಳನ್ನು ಅವುಗಳ ಮೇಲಿನ ಸಾಲಿನಲ್ಲಿಡಬಹುದು. ಆದರೆ ಆ ಚಿತ್ರಕಾರರು ಬಂಡೆಗಳನ್ನು ಎತ್ತರಿಸಿ, ನೀರನ್ನು ಹೆಚ್ಚಿಸಿ ಬರೆಯುವ ರೂಢಿ ಇತ್ತೆಂಬ ಎಚ್ಚರಿಕೆಯನ್ನೂ ಫಲಕದಲ್ಲೇ ಕೊಡಬೇಕು. ಹಿಂದೆ ಎಲ್ಲವೂ ಸಮೃದ್ಧವಾಗಿತ್ತು ಎಂಬ ಭಾವನೆಯನ್ನು ಪುರಾವೆಯಿಲ್ಲದೆ ಬೆಳೆಸುವುದು, ಎಲ್ಲವೂ ಪ್ರಗತಿಯೇ ಎಂದು ಹೇಳುವಷ್ಟೇ ತಪ್ಪು.

ತುದಿಗಳೆರಡರ ನಡುವೆ ಹಾದುಹೋದ ತಂತಿಯ ಬಗ್ಗೆ ಹೇಳುವವರು ಬಹಳ ಕಡಿಮೆ. ಹೊಲಗಳ ಮೇಲೆ, ಕೆರೆಗಳ ಏರಿ ಪಕ್ಕದಲ್ಲಿ, ಕುರುಚಲು ಕಾಡಿನ ನಡುವೆ ಹೋದ ಆ ಮಾರ್ಗಕ್ಕೆ ಮರ ಕಡಿದು ದಾರಿ ಮಾಡಬೇಕಿತ್ತು, ಅದನ್ನು ಕಾಯಲು ಜನ ಬೇಕಿತ್ತು. ತಂತಿ ತಲೆಯ ಮೇಲೆ ಹಾದುಹೋದ ಹಳ್ಳಿಗಳ ಮನೆಗಳಿಗೆ ದೀಪ ಬರಲು ದಶಕಗಳೇ ಬೇಕಾದವು. ಈ ನಡುವಿನ ನೆಲದ ಚರಿತ್ರೆ ಕಡತಗಳಿಗಿಂತ ಜನರ ನೆನಪಿನಲ್ಲಿ ಹೆಚ್ಚು ಉಳಿದಿದೆ, ಆ ನೆನಪು ಇದ್ದವರು ಈಗ ತೀರ ವಯಸ್ಸಾದವರು.

ಇದನ್ನೆಲ್ಲ ಎಲ್ಲಿ ತೋರಿಸಬೇಕು ಎಂಬ ಪ್ರಶ್ನೆಗೆ ಸುಲಭವಾಗಿ ಸಿಗುವ ಉತ್ತರ ಬೆಂಗಳೂರು. ನಾನು ಅದನ್ನು ಒಪ್ಪುವುದಿಲ್ಲ. ನಾರ್ವೆಯ ಟಿಸೆದಾಲ್‌ನಲ್ಲಿ 1908ರಲ್ಲಿ ಆರಂಭವಾಗಿ 1989ರಲ್ಲಿ ನಿಂತ ವಿದ್ಯುದಾಗಾರವನ್ನೇ ಜಲವಿದ್ಯುತ್ ವಸ್ತುಸಂಗ್ರಹಾಲಯದ ಭಾಗವಾಗಿ ಉಳಿಸಿಕೊಂಡಿದ್ದಾರೆ. ಅದೇ ದೇಶದ ರ‍್ಯೂಕನ್ ಮತ್ತು ನೋಟೊಡ್ಡನ್ ಪ್ರದೇಶವನ್ನು 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ವಿದ್ಯುದಾಗಾರ, ವಿದ್ಯುತ್ ಮಾರ್ಗ, ಕಾರ್ಖಾನೆ, ಸಾಗಣೆಯ ದಾರಿ, ಕಾರ್ಮಿಕರ ಪಟ್ಟಣ ಇವೆಲ್ಲವನ್ನೂ ಒಂದೇ ತಾಣವಾಗಿ ಪರಿಗಣಿಸಿದರು. ನಮ್ಮಲ್ಲಿಯೂ ಆಯಾ ನೆಲದಲ್ಲೇ ಮೂರು ನೆಲೆಗಳನ್ನು ಮಾಡಬಹುದು: ಬ್ಲಫ್‌ನಲ್ಲಿ ಹೊಳೆ ಮತ್ತು ಯಂತ್ರದ್ದು, ಹೊಸ ಕನ್ನಂಬಾಡಿಯ ಬಳಿ ಕಟ್ಟೆ ಮತ್ತು ಮುಳುಗಡೆಯದು, ಕೆಜಿಎಫ್‌ನಲ್ಲಿ ಗಣಿಯದು. ಮೂರಕ್ಕೂ ಒಂದೇ ನಕ್ಷೆ, ಒಂದೇ ಕಾಲಗಣನೆಯ ಪಟ್ಟಿ ಇದ್ದು, ಒಂದನ್ನು ನೋಡಿದವರು ಉಳಿದೆರಡನ್ನು ಹುಡುಕಿಕೊಂಡು ಹೋಗುವಂತಿರಬೇಕು.

ಕೆಜಿಎಫ್‌ನ ನೆಲೆಯ ಬಗ್ಗೆ ವಿಶೇಷವಾಗಿ ಅವಸರಪಡಬೇಕಾಗಿದೆ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸುಮಾರು 120 ವರ್ಷಗಳಲ್ಲಿ ಅಲ್ಲಿಂದ 800 ಟನ್ನಿನಷ್ಟು ಚಿನ್ನ ಹೊರಬಂತು. ಅದಕ್ಕಾಗಿ ಅರೆದು, ಸೈನೈಡ್ ದ್ರಾವಣದಲ್ಲಿ ತೊಳೆದು ಸುರಿದ ಮಣ್ಣು 3 ಕೋಟಿ ಟನ್ನಿಗೂ ಹೆಚ್ಚಿದ್ದು, 13 ದಿಬ್ಬಗಳಾಗಿ ಊರಿನ ನಡುವೆಯೇ ನಿಂತಿದೆ. ಗಾಳಿ ಎದ್ದಾಗ ಅದರ ದೂಳು ಮನೆಗಳ ಮೇಲೆ ಬೀಳುತ್ತದೆ. ಈ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆದರೆ ಕೆಲಸ ಆರಂಭವಾದ ದಿನದಿಂದ ಆ ಭೂದೃಶ್ಯ ಬದಲಾಗುತ್ತದೆ. ಅದಕ್ಕೆ ಮೊದಲು ದಿಬ್ಬಗಳ ಅಳತೆ, ಪದರುಗಳ ಮಾದರಿ, ಛಾಯಾಚಿತ್ರ, ಸುತ್ತ ಬದುಕುವವರ ಹೇಳಿಕೆ ಇವುಗಳನ್ನು ಸಂಗ್ರಹಿಸಿಡುವ ಹೊಣೆ ಯಾರದೆಂದು ಸರ್ಕಾರ ಈಗಲೇ ತೀರ್ಮಾನಿಸಬೇಕು. ಕೈಗೆ ಸಿಗುವ ವಸ್ತುಗಳ ಪಾಡೂ ಇದೇ. ಶಿವನಸಮುದ್ರದ ಮೂಲ ಯಂತ್ರಗಳು ಇಂದಿನಂತೆ ಸೆಕೆಂಡಿಗೆ 50 ಆವರ್ತದವಲ್ಲ, 25 ಆವರ್ತದ ವಿದ್ಯುತ್ ಉತ್ಪಾದಿಸುತ್ತಿದ್ದವು. ಗಣಿಗಳ ಮೋಟರುಗಳೂ ಅದಕ್ಕೆ ಹೊಂದಿದವೇ. ಅಂಥ ಜೋಡಿ ವಸ್ತುಗಳು, ಅಂದರೆ ಒಂದು ತುದಿಯ ಜನರೇಟರು ಮತ್ತು ಇನ್ನೊಂದು ತುದಿಯ ಮೋಟರು, ಗುಜರಿ ಹರಾಜಿಗೆ ಹೋದರೆ ತಿರುಗಿ ಬರುವುದಿಲ್ಲ.

ಆ ನೆಲೆಯ ಫಲಕಗಳು ಯಾವ ಭಾಷೆಯಲ್ಲಿರಬೇಕೆಂಬುದೂ ಮುಖ್ಯ. ಕನ್ನಡ ಮೊದಲು ಇರಲೇಬೇಕು, ಅದನ್ನು ಆಂಗ್ಲ ಪಠ್ಯದಿಂದ ಅನುವಾದಿಸದೆ ಕನ್ನಡದಲ್ಲೇ ಬರೆಯಬೇಕು. ಆದರೆ ಗಣಿಗಿಳಿದವರಲ್ಲಿ ಹೆಚ್ಚಿನವರು ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದ ದಲಿತ ಕುಟುಂಬಗಳವರು. ಅವರ ಮೊಮ್ಮಕ್ಕಳು ಇಂದಿಗೂ ಕಾರ್ಮಿಕರ ಲೈನುಗಳಲ್ಲಿ ತಮಿಳು, ತೆಲುಗು ಮಾತಾಡುತ್ತ ಬಾಳುತ್ತಿದ್ದಾರೆ. ತಮ್ಮ ಅಜ್ಜನ ಕೆಲಸದ ವಿವರವನ್ನು ತಮ್ಮ ಮನೆಮಾತಿನಲ್ಲಿ ಓದುವ ಹಕ್ಕು ಅವರಿಗಿದೆ. ಫಲಕ ಬರೆಯುವ ಮೊದಲು ಅವರನ್ನು ಕೇಳಬೇಕು, ಬರೆದ ಮೇಲೆ ಅವರಿಗೆ ಓದಿ ಹೇಳಬೇಕು, ಅವರು ತಪ್ಪೆಂದದ್ದನ್ನು ತಿದ್ದಬೇಕು. ಇದರಿಂದ ಕೆಲಸ ತಡವಾಗುತ್ತದೆ, ಆ ತಡವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಅವಧಿ ಗೊತ್ತುಮಾಡಬೇಕು.

ಇಂಥ ಪ್ರದರ್ಶನ ನಮ್ಮ ಹಿರಿಯ ಎಂಜಿನಿಯರುಗಳಿಗೆ ಅಗೌರವ ತೋರಿದಂತಾಗುತ್ತದೆ ಎಂಬ ಆತಂಕವನ್ನು ನಾನು ಕೇಳಿದ್ದೇನೆ. ವಿದ್ಯುತ್ ಕೇಂದ್ರಗಳಲ್ಲಿ ಬದುಕು ಸವೆಸಿದವರು ನನ್ನ ಬಂಧುಗಳಲ್ಲೂ ಇದ್ದಾರೆ, ಅವರ ಹೆಮ್ಮೆ ನನಗೆ ಅರ್ಥವಾಗುತ್ತದೆ. ಆದರೆ ಶಿವನಸಮುದ್ರದ ಕೊಳವೆಗಳನ್ನು ಇಳಿಸಿದ ಕೂಲಿಯವರ, ಇಳಿಜಾರಿನ ಟ್ರಾಲಿಯಲ್ಲಿ ದಿನವೂ ಹತ್ತಿ ಇಳಿದು ಯಂತ್ರ ಕಾದವರ ಹೆಸರುಗಳು ಇಂದಿನ ಯಾವ ಫಲಕದಲ್ಲಿ ಕಾಣುತ್ತವೆ? ಉದ್ಘಾಟಿಸಿದವರ ಹೆಸರುಗಳು ಮಾತ್ರ ಕಲ್ಲಿನ ಮೇಲಿರುತ್ತವೆ. ಹೊಳೆ, ಮುಳುಗಿದ ಊರು, ಗಣಿಯ ರೋಗಿ ಇವರನ್ನು ಒಳಗೆ ಕರೆದಾಗ ಆ ಕೆಲಸಗಾರನೂ ಅವರ ಜೊತೆಯಲ್ಲೇ ಒಳಗೆ ಬರುತ್ತಾನೆ. ಅವನ ಗೌರವ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ಶರಾವತಿ, ಕಾಳಿ ಕಣಿವೆಗಳ ಮುಳುಗಡೆಯ ಬಗ್ಗೆ ಇಲ್ಲಿ ಬರೆಯಹೊರಟರೆ ಪತ್ರ ಮುಗಿಯುವುದಿಲ್ಲ. ಅವುಗಳಿಗೆ ಅವುಗಳದೇ ಪ್ರದರ್ಶನಗಳು ಬೇಕು. ಆದರೆ ಪಾವಗಡದ ಮಾತನ್ನು ಬಿಡಲಾಗದು. ತಿರುಮಣಿ ಮತ್ತು ಅಕ್ಕಪಕ್ಕದ ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇದೆ. ನೆಲವನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಅದರ ವೈಶಿಷ್ಟ್ಯ. ಅಲ್ಲಿ ಶೇಂಗಾ ಬೆಳೆಯುತ್ತಿದ್ದವರು ಇನ್ನೂ ಬದುಕಿದ್ದಾರೆ, ಕುರಿ ಮೇಯುತ್ತಿದ್ದ ದಾರಿಗಳನ್ನು ಬೆರಳು ಮಾಡಿ ತೋರಿಸಬಲ್ಲರು, ಗುತ್ತಿಗೆ ಹಣ ಯಾರ ಮನೆಗೆ ಬಂತು, ಭೂಮಿಯಿಲ್ಲದ ಕೂಲಿಯವರ ಪಾಲಿಗೆ ಏನು ಬಂತು ಎಂದು ಹೇಳಬಲ್ಲರು. ಶಿವನಸಮುದ್ರದ ವಿಷಯದಲ್ಲಿ ನೂರು ವರ್ಷ ತಡವಾಗಿ ಹುಡುಕಬೇಕಾದದ್ದನ್ನು ಪಾವಗಡದಲ್ಲಿ ಇಂದೇ ಕೇಳಿ ಬರೆದಿಟ್ಟುಕೊಳ್ಳಬಹುದು. ತುಮಕೂರಿನ ಕಾಲೇಜುಗಳ ಇತಿಹಾಸ ಮತ್ತು ಭೂಗೋಳ ವಿಭಾಗಗಳಿಗೆ ಇದಕ್ಕಿಂತ ಒಳ್ಳೆಯ ಕ್ಷೇತ್ರಕಾರ್ಯ ಸಿಗದು.

ಕೊನೆಗೆ ಕೆಲಸದ ಮಾತು. ಕರ್ನಾಟಕ ವಿದ್ಯುತ್ ನಿಗಮ, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಕೆಜಿಎಫ್ ನಗರಸಭೆ ಇವು ಕೂಡಿ ಒಂದು ಸಣ್ಣ ಸಮಿತಿ ಮಾಡಿಕೊಂಡು, ಅದರಲ್ಲಿ ಒಬ್ಬ ನಿವೃತ್ತ ವಿದ್ಯುದಾಗಾರ ನೌಕರರಿಗೂ ಒಬ್ಬ ಗಣಿ ಕಾರ್ಮಿಕರಿಗೂ ಮುಳುಗಡೆಯ ಊರುಗಳ ಒಬ್ಬರಿಗೂ ಮಾತಿನ ಹಕ್ಕಿರುವ ಸ್ಥಾನ ಕೊಡಲಿ. ಮೈಸೂರು ಸಂಸ್ಥಾನದ ಕಡತಗಳು ರಾಜ್ಯ ಪತ್ರಾಗಾರದಲ್ಲಿವೆ, ಅಲ್ಲಿಂದಲೇ ಕೆಲಸ ಆರಂಭಿಸಬಹುದು. ಕಟ್ಟಡ ಕಟ್ಟುವವರೆಗೆ ಕಾಯಬೇಕಿಲ್ಲ. ಮಡಚಿ ಒಯ್ಯಬಹುದಾದ ಫಲಕಗಳ ಪ್ರದರ್ಶನವನ್ನು ಮೊದಲು ಮಳವಳ್ಳಿ, ಕನಕಪುರ, ಬಂಗಾರಪೇಟೆ ಮತ್ತು ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಡಲಿ. ಹಳೆಯ ಫೋಟೊ, ಸಂಬಳದ ಚೀಟಿ, ಗಣಿಯ ಟೋಕನ್, ಭೂಸ್ವಾಧೀನದ ನೋಟಿಸು ಇಂಥವು ಮನೆಯಲ್ಲಿರುವವರು ಅಲ್ಲಿಗೇ ತಂದು ನಕಲು ಮಾಡಿಸಿ, ಮೂಲವನ್ನು ತಾವೇ ಇಟ್ಟುಕೊಳ್ಳುವ ಏರ್ಪಾಡಿರಲಿ. ತಮ್ಮ ಓದುಗರಲ್ಲಿ ಯಾರ ಬಳಿಯಾದರೂ 1902ರ ಮಾರ್ಗದ ಕಂಬಗಳ, ಕಾವಲು ಮನೆಗಳ ಚಿತ್ರಗಳಿದ್ದರೆ, ಅವನ್ನು ಪತ್ರಿಕೆಯಲ್ಲಿ ಪ್ರಕಟಿಸಿ ಈ ಕೆಲಸಕ್ಕೆ ಮೊದಲ ನೆರವು ನೀಡಬೇಕೆಂದು ತಮ್ಮಲ್ಲಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ,
ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ